ಸಿಂಹಗಡದ ಕಾಲಿಗೆ ಹಿಮಾಲಯದ ಕಣ್ಣು: ಹಿಮಕುಸಿತದ ಅಪಾಯ ಗುರುತಿಸುವುದು ಹೇಗೆ

ಪುಣೆಯ ಶಿವಾಜಿನಗರದಲ್ಲಿ ‘ಶಿಮ್ಲಾ ಆಫೀಸ್’ ಅಂತ ಒಂದು ಬಸ್ ಸ್ಟಾಪ್ ಇದೆ. ಹುಬ್ಬಳ್ಳಿಯಿಂದ ಹೊಸದಾಗಿ ಬಂದಾಗ ಅದು ಹಿಮಾಚಲ ಟೂರಿಸಂನವರ ಕಚೇರಿ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಹವಾಮಾನ ಇಲಾಖೆಯ ಕಟ್ಟಡ. 1928ರಲ್ಲಿ ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂತು, ಬರುವಾಗ ಹೆಸರನ್ನೂ ಹೊತ್ತು ತಂದಿತು. ಪುಣೆಗೂ ಹಿಮಕ್ಕೂ ಇರುವ ನಂಟು ಹೆಚ್ಚುಕಡಿಮೆ ಅಷ್ಟೇ.

ಆದರೂ ಡಿಸೆಂಬರ್ ಬಂತೆಂದರೆ, ಭಾನುವಾರ ಸಿಂಹಗಡದ ಮೇಲೆ ಕೂತು ಪಿಠ್ಲಾ-ಭಾಕ್ರಿ ತಿನ್ನುವ ನಮ್ಮ ಕನ್ನಡದ ಗುಂಪಿನಲ್ಲಿ ಒಂದೇ ಮಾತು: ‘ಈ ಸಲ ಕೇದಾರಕಂಠ ಮಾಡೋಣ್ವಾ?’ ರಾಜಗಡ, ತೋರಣಾ, ಹರಿಶ್ಚಂದ್ರಗಡ ಹತ್ತಿದ ಕಾಲಿಗೆ ಉತ್ತರಾಖಂಡದ ಆ ಶಿಖರದ 3,800 ಮೀಟರ್ ದೊಡ್ಡದಲ್ಲ. ಕಾಲಿನ ತೊಂದರೆ ಇಲ್ಲ, ತೊಂದರೆ ಕಣ್ಣಿನದು. ಸಹ್ಯಾದ್ರಿಯಲ್ಲಿ ನಾವು ಕಾಲಿಡುವ ಕಲ್ಲು ನೋಡಿಕೊಂಡು ನಡೆಯುತ್ತೇವೆ. ಹಿಮದಲ್ಲಿ ತಲೆ ಮೇಲಿನ ಇಳಿಜಾರು ನೋಡಬೇಕು, ಕಾಲ ಕೆಳಗಿನ ಕಾಣದ ಪದರವನ್ನು ಊಹಿಸಬೇಕು. ಅದನ್ನು ಕಲಿಯುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಪುಣೆಯಲ್ಲೇ ಮುಗಿಯುತ್ತದೆ.

ಮೊದಲು ಒಂದು ಪದದ ತಕರಾರು. ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ‘ಹಿಮಪಾತ’ ಅನ್ನುತ್ತವೆ, ಹಿಮದ ರಾಶಿ ಬೆಟ್ಟದಿಂದ ಜಾರಿ ಬರುವುದಕ್ಕೂ ‘ಹಿಮಪಾತ’ ಅನ್ನುತ್ತವೆ. ಒಂದು ಫೋಟೋ ತೆಗೆಯುವಂಥದ್ದು, ಇನ್ನೊಂದು ಜೀವ ತೆಗೆಯುವಂಥದ್ದು. ಇಲ್ಲಿ ಜಾರಿ ಬರುವುದನ್ನು ಹಿಮಕುಸಿತ ಅಂತಲೇ ಕರೆಯುತ್ತೇನೆ.

ಹೆಜ್ಜೆ 1: ಅಡುಗೆಮನೆಯಲ್ಲಿ ಒಂದು ಹಿಮಕುಸಿತ

ಒಂದು ಅಗಲವಾದ ಹಲಗೆ ತಗೊಳ್ಳಿ, ಮೇಲೆ ಟವೆಲ್ ಹಾಸಿ. ಅದರ ಮೇಲೆ ತೆಳ್ಳಗೆ ಮೈದಾ ಹರಡಿ ಅಂಗೈಯಿಂದ ತಟ್ಟಿ. ಆಮೇಲೆ ಒಂದು ಪದರ ಸಕ್ಕರೆ. ಅದರ ಮೇಲೆ ಎರಡು ಬೆರಳು ದಪ್ಪ ಮೈದಾ, ಅದನ್ನೂ ಮೆತ್ತಗೆ ಒತ್ತಿ. ಈಗ ಹಲಗೆಯ ಒಂದು ಬದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ.

ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಮೇಲ್ಗಡೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮೇಲಿನ ಮೈದಾ ಇಡೀ ಹಾಳೆಯ ಹಾಗೆ ಜಾರಿ ಕೆಳಗೆ ಬರುತ್ತದೆ. ಎರಡನೇ ಸಲ ಮಾಡಿ, ಜಾರುವುದಕ್ಕೆ ಸ್ವಲ್ಪ ಮೊದಲು ಎತ್ತುವುದನ್ನು ನಿಲ್ಲಿಸಿ, ಮೇಲೆ ಬೆರಳಿನಿಂದ ಒಂದು ಸಲ ಕುಕ್ಕಿ. ಆ ಬೆರಳೇ ನೀವು. ಹಿಮಕುಸಿತದಲ್ಲಿ ಸಿಕ್ಕಿಬಿದ್ದ ಚಾರಣಿಗರ ಮತ್ತು ಸ್ಕೀ ಮಾಡುವವರ ಹತ್ತು ಪ್ರಕರಣಗಳಲ್ಲಿ ಸುಮಾರು ಒಂಬತ್ತರಲ್ಲಿ, ಅದನ್ನು ಕೆಡವಿದ್ದು ಅವರದೇ ಅಥವಾ ಅವರ ಜೊತೆಗಾರರದೇ ಭಾರ. (ನಮ್ಮ ಮನೆಯಲ್ಲಿ ಆ ಮೈದಾ-ಸಕ್ಕರೆ ಸಂಜೆ ಶಂಕರಪಾಳಿ ಆಯಿತು. ಹಾಗಾಗಿ ಬೈಗುಳ ತಪ್ಪಿತು.)

ಮೇಲಿನ ಗಟ್ಟಿ ಪದರಕ್ಕೆ ಬೆಟ್ಟದವರು ‘ಸ್ಲ್ಯಾಬ್’ ಅನ್ನುತ್ತಾರೆ. ಮನೆ ಕಟ್ಟುವಾಗ ಹಾಕುತ್ತೇವಲ್ಲ, ಅದೇ ಪದ, ಅದೇ ಸ್ವಭಾವ: ಒಂದು ಕಡೆ ಬಿರುಕು ಬಿಟ್ಟರೆ ಇಡಿಯಾಗಿ ಬರುತ್ತದೆ. ಕೆಳಗಿನ ಸಕ್ಕರೆ ಪದರ ಎಲ್ಲಿಂದ ಬಂತು? ನೆಲದ ಹತ್ತಿರ ಹಿಮದ ತಾಪಮಾನ ಹೆಚ್ಚುಕಡಿಮೆ 0 ಡಿಗ್ರಿ ಇರುತ್ತದೆ. ಮೇಲೆ ಗಾಳಿ ಮೈನಸ್ 10 ಅಂತಿಟ್ಟುಕೊಳ್ಳಿ. ಹಿಮ ಅರ್ಧ ಮೀಟರ್ ಮಾತ್ರ ಇದ್ದರೆ, ಪ್ರತಿ 10 ಸೆಂಟಿಮೀಟರ್‌ಗೆ 2 ಡಿಗ್ರಿ ವ್ಯತ್ಯಾಸ. 10 ಸೆಂಟಿಮೀಟರ್‌ಗೆ 1 ಡಿಗ್ರಿ ದಾಟಿದರೆ ಒಳಗಿನ ಆವಿ ಮೇಲಕ್ಕೆ ಹರಿದು, ಹಿಮದ ಕಣಗಳು ಒಂದಕ್ಕೊಂದು ಅಂಟದ ಹರಳುಗಳಾಗುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಚಿರೋಟಿ ರವೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಉಂಡೆ ಕಟ್ಟಲು ಬರುವುದೇ ಇಲ್ಲ.

ಇದರಿಂದ ಗೊತ್ತಾಗುವುದು ನಾವು ಅಂದುಕೊಂಡದ್ದಕ್ಕೆ ಉಲ್ಟಾ. ‘ಈ ವರ್ಷ ಹಿಮ ಕಡಿಮೆ, ಹೆದರಿಕೆ ಇಲ್ಲ’ ಅನ್ನುವುದು ತಪ್ಪು. ಡಿಸೆಂಬರ್‌ನ ತೆಳು ಹಿಮ, ಮೋಡವಿಲ್ಲದ ಕೊರೆಯುವ ರಾತ್ರಿಗಳು, ಸೂರ್ಯ ಮುಟ್ಟದ ಉತ್ತರದ ಮಗ್ಗುಲು. ಸಕ್ಕರೆ ಪದರ ತಯಾರಾಗುವುದು ಅಲ್ಲೇ. ಜನವರಿಯಲ್ಲಿ ದೊಡ್ಡ ಹಿಮ ಬಿದ್ದಾಗ ಅದರ ಮೇಲೆ ಸ್ಲ್ಯಾಬ್ ಕೂರುತ್ತದೆ.

ಹೆಜ್ಜೆ 2: ಕೋನ ಅಳೆಯುವುದು

ಎಲ್ಲದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಸಂಖ್ಯೆ ಇದು. ಸ್ಲ್ಯಾಬ್ ಜಾರುವುದು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದರಲ್ಲೂ 38ರ ಆಸುಪಾಸಿನಲ್ಲಿ. ತೀರಾ ಕಡಿದಾದ ಕಡೆ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರುತ್ತಿರುತ್ತದೆ. ತೀರಾ ಮಟ್ಟಸ ಇದ್ದರೆ ಜಾರುವುದಿಲ್ಲ.

30 ಡಿಗ್ರಿ ಅಂದರೆ ಎಷ್ಟು? ನಿಮ್ಮ ಸೊಸೈಟಿಯ ಮೆಟ್ಟಿಲು ನೋಡಿ. ಸಾಮಾನ್ಯವಾಗಿ 30ರಿಂದ 35 ಡಿಗ್ರಿ. ಲಿಫ್ಟ್ ಕೆಟ್ಟಾಗ ಬೈದುಕೊಂಡು ಹತ್ತುವ ಆ ಇಳಿಜಾರಿಗೆ ಹಿಮ ಹೊದಿಸಿದರೆ, ಅದೇ ಅಪಾಯದ ಇಳಿಜಾರು. ನೋಡಿದರೆ ಹೆದರಿಕೆಯೇ ಆಗುವುದಿಲ್ಲ. ಮಕ್ಕಳನ್ನು ಜಾರುಬಂಡಿ ಆಡಿಸೋಣ ಅನ್ನಿಸುತ್ತದೆ.

ಅಭ್ಯಾಸ ಹೀಗೆ ಮಾಡಿ. ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತದೆ. ಟ್ರೆಕಿಂಗ್ ಕೋಲನ್ನು ಇಳಿಜಾರಿನ ನೇರಕ್ಕೆ ಮಲಗಿಸಿ, ಅದರ ಮೇಲೆ ಫೋನಿನ ಅಂಚು ಇಟ್ಟು ಓದಿ. ಆದರೆ ಮೊದಲು ಕಣ್ಣಳತೆಯಲ್ಲಿ ಒಂದು ಸಂಖ್ಯೆ ಹೇಳಿ, ಆಮೇಲೆ ಅಳೆಯಿರಿ. ಸಿಂಹಗಡದ ದಾರಿಯಲ್ಲಿ ನಾಲ್ಕು ಭಾನುವಾರ ಇದನ್ನೇ ಆಡಿದೆವು. ಮೊದಲ ವಾರ ಎಲ್ಲರೂ 10-15 ಡಿಗ್ರಿ ಜಾಸ್ತಿ ಹೇಳುತ್ತಿದ್ದೆವು. ನಾಲ್ಕನೇ ವಾರಕ್ಕೆ ಮೂರ್ನಾಲ್ಕು ಡಿಗ್ರಿ ಹೆಚ್ಚುಕಡಿಮೆ.

ಮನೆಯಲ್ಲಿ ಕೂತು ದಾರಿ ನೋಡಲು ಗೂಗಲ್ ಅರ್ಥ್ ಸಾಕು. ಆದರೆ ಎರಡು ಕಡೆ ಮೋಸ ಹೋಗುವ ಸಂಭವ ಇದೆ. ಒಂದು, ಅದರ ಎತ್ತರದ ನಕ್ಷೆ ಇಳಿಜಾರನ್ನು ಡಿಗ್ರಿಯಲ್ಲಿ ಅಲ್ಲ, ಶೇಕಡದಲ್ಲಿ ತೋರಿಸುತ್ತದೆ. 30 ಡಿಗ್ರಿ ಅಂದರೆ ಶೇ 58, 38 ಅಂದರೆ ಶೇ 78, 45 ಅಂದರೆ ಶೇ 100. ಎರಡು, ನೀವು ಎಳೆದ ಗೆರೆ ನಿಮ್ಮ ಹಾದಿಯದ್ದು. ಹಾದಿ ಬೆಟ್ಟಕ್ಕೆ ಅಡ್ಡಲಾಗಿ ಮಟ್ಟಸವಾಗಿ ಹೋಗುತ್ತಿದ್ದರೆ ಶೇ 5 ಅಂತ ತೋರಿಸಿ ಸಮಾಧಾನ ಮಾಡುತ್ತದೆ, ಪಕ್ಕದ ಗೋಡೆ ಶೇ 75 ಇದ್ದರೂ. ಹಾಗಾಗಿ ಹಾದಿಯ ಪ್ರತಿ ತಿರುವಿನಿಂದ ನೇರ ಮೇಲಕ್ಕೆ, ಶಿಖರದ ಅಂಚಿನವರೆಗೆ ಇನ್ನೊಂದು ಗೆರೆ ಎಳೆದು ನೋಡಿ. ಬೇಕಾದ್ದು ಆ ಸಂಖ್ಯೆ.

ಮಟ್ಟಸ ಜಾಗದಲ್ಲಿ ಟೆಂಟ್ ಹಾಕಿದರೆ ಸೇಫ್ ಅನ್ನುವುದೂ ತಪ್ಪು. ನಮ್ಮ ಪುಣೆ ಜಿಲ್ಲೆಯ ಮಾಳೀಣ್ ನೆನಪಿದೆ ಅಲ್ವಾ? 2014ರ ಜುಲೈ 30ರಂದು ಊರು ಎಲ್ಲೂ ಜಾರಲಿಲ್ಲ, ಮೇಲಿನ ಗುಡ್ಡ ಬಂತು. ಹಿಮವೂ ಹಾಗೇ ಬರುತ್ತದೆ. ನಿಂತ ಜಾಗದಿಂದ ಹಿಮ ಬಿಟ್ಟುಕೊಳ್ಳಬಹುದಾದ ತುದಿಯ ಕಡೆ ಕೋಲನ್ನು ಗುರಿ ಹಿಡಿದು ಕೋನ ನೋಡಿ. 18 ಡಿಗ್ರಿಗಿಂತ ಜಾಸ್ತಿ ಬಂದರೆ ದೊಡ್ಡ ಹಿಮಕುಸಿತ ನಿಮ್ಮವರೆಗೆ ಬರಬಹುದು. ಟೆಂಟ್ ಬೇರೆ ಕಡೆ ಹಾಕಿ.

ಹೆಜ್ಜೆ 3: ರಜೆ ಚೀಟಿ ಬರೆಯುವಾಗ

ನನ್ನ ಪ್ರಕಾರ ಹಿಮಾಲಯದಲ್ಲಿ ನಮ್ಮಂಥ ಪುಣೆ-ಮುಂಬೈ ಮಂದಿಗೆ ಇರುವ ದೊಡ್ಡ ಅಪಾಯ ರಿಟರ್ನ್ ಟಿಕೆಟ್. ಇದನ್ನು ಕಲಿತ ಕಥೆ ಹೇಳುತ್ತೇನೆ, ತಪ್ಪು ಪೂರ್ತಿ ನಮ್ಮದೇ.

ಉತ್ತರಾಖಂಡ, ಫೆಬ್ರವರಿ. ಏಳು ಜನ. ಎರಡು ದಿನ ಎಡೆಬಿಡದೆ ಹಿಮ ಬಿತ್ತು, ಟೆಂಟಿನೊಳಗೆ ಇಸ್ಪೀಟು ಆಡಿದೆವು. ಮೂರನೇ ಬೆಳಿಗ್ಗೆ ನೀಲಿ ಆಕಾಶ. ಗೈಡ್ ಭಾಯಿ ಹೊರಗೆ ಹೋಗಿ ಬಂದು, ‘ಇವತ್ತು ಬೇಡ, ಇನ್ನೊಂದು ದಿನ ಕಾಯೋಣ. ರಾತ್ರಿ ಗಾಳಿ ಕೇಳಿಸಿತಲ್ಲ?’ ಅಂದರು. ನಾವು, ‘ಭಾಯಿ, ಶನಿವಾರ ದಿಲ್ಲಿಯಿಂದ ಟ್ರೇನ್ ಇದೆ, ಆಕಾಶ ನೋಡಿ ಎಷ್ಟು ಚೆನ್ನಾಗಿದೆ’ ಅಂತ ಒತ್ತಾಯ ಮಾಡಿದೆವು. ಒಪ್ಪಿಕೊಂಡರು. ಮುಖ ಮಾತ್ರ ಒಪ್ಪಿರಲಿಲ್ಲ.

ಮುಕ್ಕಾಲು ಗಂಟೆ ನಡೆದಿರಬೇಕು. ಒಂದು ಸಣ್ಣ ಬಯಲು ದಾಟುತ್ತಿದ್ದೆವು. ನಾನು ಎಡಗಾಲು ಊರಿದೆ. ‘ವುಂಫ್’ ಅಂತ ಒಂದು ಸದ್ದು, ದೊಡ್ಡ ಹಾಸಿಗೆಯ ಮೇಲೆ ಯಾರೋ ದೊಪ್ಪನೆ ಕೂತ ಹಾಗೆ. ಇಡೀ ಬಯಲು ಅರ್ಧ ಇಂಚು ಕೆಳಗೆ ಕೂತಿತು, ಹೊಟ್ಟೆಯಲ್ಲಿ ಗೊತ್ತಾಯಿತು. ನನ್ನ ಬೂಟಿನ ತುದಿಯಿಂದ ಒಂದು ಬಿರುಕು ಹೊರಟು, ಅಂಕುಡೊಂಕಾಗಿ ಓಡಿ, ದೂರದ ಪೊದೆಯ ಹತ್ತಿರ ನಿಂತಿತು. ಇಳಿಜಾರು ಹೆಚ್ಚೆಂದರೆ 15 ಡಿಗ್ರಿ. ಅದಕ್ಕೇ ಏನೂ ಜಾರಲಿಲ್ಲ. ಮುಂದಿನ ತಿರುವಿನಲ್ಲಿ ಅದೇ ಹಿಮ 35 ಡಿಗ್ರಿ ಮೇಲೆ ಕೂತಿತ್ತು. ಭಾಯಿ ಒಂದು ಮಾತೂ ಬೈಯಲಿಲ್ಲ. ಹಿಂದಕ್ಕೆ ತಿರುಗಿ ಇಳಿಯಲು ಶುರು ಮಾಡಿದರು, ನಾವು ಹಿಂದೆ. ಟ್ರೇನೂ ತಪ್ಪಿತು.

ಅಂದಿನಿಂದ ಲೆಕ್ಕ ಹೀಗಿದೆ: ಆರು ದಿನದ ಟ್ರೆಕ್‌ಗೆ ಎರಡು ದಿನ ಖಾಲಿ ಇಟ್ಟು ರಜೆ ಹಾಕುವುದು. ಎರಡೇ ಯಾಕೆಂದರೆ, ಜೋರು ಹಿಮ ಅಥವಾ ಗಾಳಿ ನಿಂತ ಮೇಲಿನ 24ರಿಂದ 48 ಗಂಟೆ ಎಲ್ಲಕ್ಕಿಂತ ಕೆಟ್ಟ ಹೊತ್ತು. ಆಕಾಶ ತಿಳಿಯಾಗಿ, ಎಲ್ಲರಿಗೂ ಹೊರಡೋಣ ಅನ್ನಿಸುವ ಹೊತ್ತೂ ಅದೇ. ಸಕ್ಕರೆ ಪದರ ಅಡಿಯಲ್ಲಿದ್ದರೆ ಅಪಾಯ ವಾರಗಟ್ಟಲೆ ಉಳಿಯುತ್ತದೆ, ಆಗ ಎರಡು ದಿನವೂ ಸಾಲದು. ಕಡಿದಾದ ದಾರಿಯನ್ನೇ ಬಿಡಬೇಕು.

ಹೆಜ್ಜೆ 4: ಹವೆ ಮತ್ತು ಬುಲೆಟಿನ್

ಹೊರಡುವ ಹತ್ತು ದಿನ ಮೊದಲಿಂದ ಹವೆ ನೋಡಿ. ಹಿಮಾಲಯದ ಚಳಿಗಾಲದ ಹಿಮ ಬರುವುದು ಮುಖ್ಯವಾಗಿ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳಿಂದ. ಭೂಮಧ್ಯ ಸಮುದ್ರದ ಕಡೆಯಿಂದ ಒಂದರ ಹಿಂದೆ ಒಂದು ಬರುವ ಇವುಗಳ ಸುದ್ದಿಯನ್ನು ಹವಾಮಾನ ಇಲಾಖೆ ದಿನಗಳ ಮೊದಲೇ ಕೊಡುತ್ತದೆ. ಡೈರಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಎಷ್ಟು ಹಿಮ, ಎಷ್ಟು ಗಾಳಿ, ತಾಪಮಾನ ಏರುತ್ತಿದೆಯಾ. ಒಂದೇ ದಿನದಲ್ಲಿ 30 ಸೆಂಟಿಮೀಟರ್ ಹಿಮ ಬಿದ್ದರೆ ಅದು ಕೆಂಪು ದೀಪ.

ಹಿಮಕುಸಿತದ ಮುನ್ಸೂಚನೆ ಕೊಡುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕೆಳಗಿನ ಡಿಜಿಆರ್‌ಇ (ಡಿಫೆನ್ಸ್ ಜಿಯೋಇನ್ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್ಮೆಂಟ್), ಚಂಡೀಗಢದಲ್ಲಿದೆ. 1969ರಲ್ಲಿ ಮನಾಲಿಯಲ್ಲಿ ಶುರುವಾದ ‘ಸಾಸೆ’ ಎಂಬ ಹಿಮ ಅಧ್ಯಯನ ಸಂಸ್ಥೆ 2020ರಲ್ಲಿ ಇದರಲ್ಲಿ ಸೇರಿತು. ಅದರ ಬುಲೆಟಿನ್‌ನಲ್ಲಿ ಜಿಲ್ಲೆ, ಎತ್ತರ, ಅಪಾಯದ ಹಂತ, ಇಷ್ಟು ಇರುತ್ತದೆ. ಹಂತ 1ರಿಂದ 5. ನಮ್ಮ ಪರೀಕ್ಷೆಯ ಬುದ್ಧಿಗೆ ಐದರಲ್ಲಿ ಮೂರು ಅಂದರೆ ‘ಪರವಾಗಿಲ್ಲ, ಪಾಸು’ ಅನ್ನಿಸುತ್ತದೆ. ಹಾಗಲ್ಲ. 3ರಲ್ಲಿ ಒಬ್ಬ ಮನುಷ್ಯನ ಭಾರಕ್ಕೇ ಹಿಮ ಜಾರುವ ಸಾಧ್ಯತೆ ಇದೆ. ಬೇರೆ ದೇಶಗಳಲ್ಲಿ ಬಹಳಷ್ಟು ಜನ ಸಾಯುವುದು ಈ 3ರ ದಿನಗಳಲ್ಲೇ, ಯಾಕೆಂದರೆ 4 ಮತ್ತು 5ರಲ್ಲಿ ಹೊರಗೆ ಹೋಗುವವರೇ ಕಡಿಮೆ. ನಾನು 3 ಕಂಡರೆ 30 ಡಿಗ್ರಿಯ ಇಳಿಜಾರಿನ ಮೇಲೂ ಹೋಗುವುದಿಲ್ಲ, ಕೆಳಗೂ ಹೋಗುವುದಿಲ್ಲ. 4 ಕಂಡರೆ ಪುಣೆಯಲ್ಲೇ ಇರುತ್ತೇನೆ.

ಬುಲೆಟಿನ್ ಸುಮ್ನೆ ಕಾಗದ ಅಲ್ಲ. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರ ಮಾಣಾದಲ್ಲಿ ರಸ್ತೆ ಕೆಲಸದವರ ಕ್ಯಾಂಪಿನ ಮೇಲೆ ಹಿಮಕುಸಿತ ಆಯಿತು. 54 ಜನರಲ್ಲಿ 46 ಮಂದಿ ಉಳಿದರು, ಎಂಟು ಮಂದಿ ತೀರಿಕೊಂಡರು. ಚಮೋಲಿ ಜಿಲ್ಲೆಗೆ ಎಚ್ಚರಿಕೆ ಹಿಂದಿನ ದಿನವೇ ಬಂದಿತ್ತು. ಇನ್ನು 2023ರ ಏಪ್ರಿಲ್ 4ರಂದು ಸಿಕ್ಕಿಂನ ಗ್ಯಾಂಗ್‌ಟಾಕ್-ನಾಥೂ ಲಾ ರಸ್ತೆಯಲ್ಲಿ ಏಳು ಪ್ರವಾಸಿಗಳು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಅವರು ಚಾರಣಕ್ಕೆ ಹೋದವರೂ ಅಲ್ಲ, ರಸ್ತೆ ಪಕ್ಕ ಹಿಮ ನೋಡಲು ನಿಂತವರು. ತಿಂಗಳೂ ಏಪ್ರಿಲ್.

ತಿಂಗಳಿನ ವಿಷಯ ಬಂದಾಗ ಇದನ್ನೂ ಹೇಳಬೇಕು: 2024ರ ಜೂನ್ ಮೊದಲ ವಾರ, ಸಹಸ್ರತಾಲ್ ದಾರಿಯಲ್ಲಿ ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಸಿಕ್ಕಿಬಿದ್ದು ಒಂಬತ್ತು ಮಂದಿ ತೀರಿಕೊಂಡರು. ಅದು ಹಿಮಕುಸಿತ ಅಲ್ಲ, ಹಿಮಗಾಳಿ. ಬೇಸಿಗೆ ಟ್ರೆಕ್ ಅಂತ ಹವೆ ನೋಡುವುದನ್ನು ಬಿಡಬೇಡಿ.

ಹೆಜ್ಜೆ 5: ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು

ಊಟ, ಟಾಯ್ಲೆಟ್ ಟೆಂಟ್, ಸರ್ಟಿಫಿಕೇಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನೀವು ಇದನ್ನು ಕೇಳಿ: ಹಿಂದಕ್ಕೆ ತಿರುಗುವ ತೀರ್ಮಾನ ಯಾರದು? ಕಳೆದ ಚಳಿಗಾಲದಲ್ಲಿ ಎಷ್ಟು ಸಲ ಶಿಖರ ಮುಟ್ಟದೆ ವಾಪಸ್ ಬಂದಿರಿ? ‘ಒಂದು ಸಲವೂ ಇಲ್ಲ ಸರ್, ನೂರಕ್ಕೆ ನೂರು’ ಅಂತ ಹೆಮ್ಮೆಯಿಂದ ಹೇಳಿದರೆ ಫೋನ್ ಇಟ್ಟುಬಿಡಿ. ಸಲಿಕೆ, ಪ್ರೋಬ್ (ಹೂತವರನ್ನು ಹುಡುಕಲು ಹಿಮದೊಳಗೆ ಚುಚ್ಚುವ ಉದ್ದನೆಯ ಕೋಲು) ಒಯ್ಯುತ್ತೀರಾ ಅಂತಲೂ ಕೇಳಿ. ಆ ಕಡೆ ಐದು ಸೆಕೆಂಡ್ ಮೌನ ಆದರೆ ಉತ್ತರ ಸಿಕ್ಕಂತೆ.

ಹೆಜ್ಜೆ 6: ಹಿಮದ ಮೇಲೆ

ಬೆಟ್ಟ ಮೊದಲೇ ಹೇಳುತ್ತದೆ. ಅಕ್ಕಪಕ್ಕದ ಇಳಿಜಾರಿನಲ್ಲಿ ನಿನ್ನೆ ಮೊನ್ನೆ ಜಾರಿದ ಗುರುತು ಇದ್ದರೆ, ಅದೇ ದಿಕ್ಕಿಗೆ ಮುಖ ಮಾಡಿದ ನಿಮ್ಮ ಇಳಿಜಾರೂ ಹಾಗೇ ಇದೆ. ವುಂಫ್ ಸದ್ದು, ಓಡುವ ಬಿರುಕು: ಅಲ್ಲಿಗೆ ಆಟ ಮುಗಿಯಿತು, ಚರ್ಚೆ ಬೇಡ. ದಟ್ಟ ಕಾಡಿನ ನಡುವೆ ಮರವೇ ಇಲ್ಲದ ಉದ್ದನೆಯ ಪಟ್ಟಿ ಕಂಡರೆ, ಅಥವಾ ಮರಗಳಲ್ಲಿ ಬೆಟ್ಟದ ಮೇಲ್ಬದಿಗೆ ಮುಖ ಮಾಡಿದ ಕೊಂಬೆಗಳಷ್ಟೇ ಮುರಿದಿದ್ದರೆ, ಅದು ಹಿಮಕುಸಿತದ ಹಳೇ ಹಾದಿ.

ಗಾಳಿಯನ್ನು ನಾವು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆಕಾಶದಿಂದ ಒಂದು ಹನಿ ಹಿಮ ಬೀಳದಿದ್ದರೂ ಗಾಳಿ ಒಂದು ಮಗ್ಗುಲಿನ ಹಿಮ ಕೆರೆದು ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ, ಬೀಳುವ ಹಿಮಕ್ಕಿಂತ ಎಷ್ಟೋ ಪಟ್ಟು ವೇಗವಾಗಿ. ಅಂಚಿನಲ್ಲಿ ಕಿಟಕಿಯ ಸಜ್ಜಾದ ಹಾಗೆ ಹಿಮ ಚಾಚಿಕೊಂಡಿದ್ದರೆ, ಅದು ಚಾಚಿರುವ ಕಡೆಯ ಇಳಿಜಾರಿನಲ್ಲಿ ಗಾಳಿ ತಂದ ಹಿಮ ಇದೆ. ಆ ಸಜ್ಜಾದ ಕೆಳಗೂ ನಿಲ್ಲಬೇಡಿ, ಸೆಲ್ಫಿಗೆ ಅಂತ ಮೇಲೂ ನಿಲ್ಲಬೇಡಿ. ಮುರಿದರೆ ಅಂದುಕೊಂಡದ್ದಕ್ಕಿಂತ ಹಿಂದಿನಿಂದ ಮುರಿಯುತ್ತದೆ. ಕಾಲಿಟ್ಟಾಗ ಡೊಳ್ಳಿನ ಹಾಗೆ ಟೊಳ್ಳು ಸದ್ದು ಬಂದರೂ ಅದೇ ಎಚ್ಚರ. ಬಿಸಿಲೇರಿ ಹಿಮ ನೀರು ಕುಡಿದಾಗ ಇನ್ನೊಂದು ಥರದ ಕುಸಿತ ಶುರು: ಇಳಿಜಾರಿನಿಂದ ಹಿಮದ ಉಂಡೆಗಳು ತಾವಾಗೇ ಉರುಳುತ್ತವೆ, ಮೊಣಕಾಲವರೆಗೆ ಹೂತುಹೋಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಬೆಳಗಿನ ಜಾವ ಹೊರಟು ಮಧ್ಯಾಹ್ನದೊಳಗೆ ಇಳಿದಿರಬೇಕು ಅನ್ನುವುದು ಅದಕ್ಕೇ.

ದಾಟಲೇಬೇಕಾದ ಜಾಗ ಬಂದರೆ ಒಬ್ಬೊಬ್ಬರೇ ದಾಟಿ. ಉಳಿದವರು ಸೇಫ್ ಜಾಗದಲ್ಲಿ ನಿಂತು ದಾಟುವವನ ಮೇಲೆ ಕಣ್ಣಿಟ್ಟಿರಬೇಕು, ಮೊಬೈಲ್ ಮೇಲಲ್ಲ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಕೋಲಿನ ದಾರದಿಂದ ಮಣಿಕಟ್ಟು ತೆಗೆಯಿರಿ. ಕೆಳಗೆ ಏನಿದೆ ಅಂತಲೂ ನೋಡಿ. ಹಳ್ಳ, ಕಿರಿದಾದ ಕೊರಕಲು ಇದ್ದರೆ ಸಣ್ಣ ಕುಸಿತವೂ ಆಳಕ್ಕೆ ಹೂತುಹಾಕುತ್ತದೆ. ಮುಂದಿನ ಗುಂಪಿನ ಹೆಜ್ಜೆ ಗುರುತು ಇದೆ ಅನ್ನುವುದು ಯಾವ ಗ್ಯಾರಂಟಿಯೂ ಅಲ್ಲ. ಹತ್ತನೆಯವನ ಕಾಲಿಗೂ ಸ್ಲ್ಯಾಬ್ ಮುರಿಯಬಹುದು.

ಹೆಜ್ಜೆ 7: ಸಿಕ್ಕಿಬಿದ್ದರೆ

ಕೂಗಿ, ಪಕ್ಕಕ್ಕೆ ಓಡಿ, ಕೋಲು ಬಿಸಾಕಿ. ಉರುಳುತ್ತಿರುವಾಗ ಕೈಕಾಲು ಬಡಿಯುತ್ತಾ ಮೇಲೆ ಉಳಿಯಲು ನೋಡಿ. ವೇಗ ಇಳಿಯುತ್ತಿದೆ ಅನ್ನಿಸಿದ ಕೂಡಲೇ ಮುಖದ ಮುಂದೆ ಕೈ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ನಿಂತ ಮೇಲೆ ಹಿಮ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ, ಬೆರಳೂ ಅಲ್ಲಾಡುವುದಿಲ್ಲ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಸೈನಿಕರು ಹಿಮದಡಿ ಹೂತುಹೋದರು. ಆರು ದಿನದ ಮೇಲೆ ಇವರೊಬ್ಬರು ಜೀವಂತ ಸಿಕ್ಕರು. ಫೆಬ್ರವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ವಾರ ಹುಬ್ಬಳ್ಳಿಯಲ್ಲಿ ಅವ್ವ ದಿನಾ ದೀಪ ಹಚ್ಚುತ್ತಿದ್ದಳು. ಆ ಆರು ದಿನ ಅಪರೂಪದಲ್ಲಿ ಅಪರೂಪ. ಸಾಮಾನ್ಯ ಲೆಕ್ಕ ನಿಮಿಷಗಳದ್ದು: ಪೂರ್ತಿ ಹೂತವರಲ್ಲಿ ಮೊದಲ 10 ನಿಮಿಷದೊಳಗೆ ತೆಗೆದರೆ ಬಹುಪಾಲು ಜನ ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಮೂರರಲ್ಲಿ ಒಬ್ಬರೂ ಕಷ್ಟ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ತೆಗೆಯಬೇಕಾದವರು ಪಕ್ಕದಲ್ಲಿದ್ದವರೇ.

ಅದಕ್ಕೆ ಪ್ರತಿಯೊಬ್ಬರ ಹತ್ತಿರ ಮೂರು ಸಾಮಾನು ಬೇಕು. 457 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುವ, ಹಿಡಿಯುವ ಟ್ರಾನ್ಸೀವರ್, ಎರಡೂವರೆ-ಮೂರು ಮೀಟರ್ ಉದ್ದದ ಮಡಚುವ ಪ್ರೋಬ್, ಲೋಹದ ಸಲಿಕೆ. ಟ್ರಾನ್ಸೀವರ್ ಜಾಕೆಟ್ಟಿನೊಳಗೆ ಮೈಗೆ ಕಟ್ಟಿರಬೇಕು, ಫೋನಿನಿಂದ ಕನಿಷ್ಠ 20 ಸೆಂಟಿಮೀಟರ್ ದೂರ. ಹುಡುಕುವಾಗ 50. ಹುಡುಕುವ ಮೊದಲು ಉಳಿದವರೆಲ್ಲ ತಮ್ಮದನ್ನು ‘ಹುಡುಕು’ಗೆ ತಿರುಗಿಸಬೇಕು, ಇಲ್ಲದಿದ್ದರೆ ಒಬ್ಬರನ್ನೊಬ್ಬರು ಹುಡುಕುತ್ತಾ ಕೂರುತ್ತೀರಿ. ಟ್ರಾನ್ಸೀವರ್ ತೋರಿಸುವ ದೂರದ ಅಂಕಿ ಎಲ್ಲಿ ಅತಿ ಕಡಿಮೆಯೋ ಅಲ್ಲಿಂದ ಸುತ್ತುತ್ತಾ ಗೇಣಿಗೊಂದರಂತೆ ಪ್ರೋಬ್ ಚುಚ್ಚಿ. ಮೆತ್ತಗೆ ತಗುಲಿದರೆ ಅದನ್ನು ಅಲ್ಲೇ ಬಿಡಿ, ತೆಗೆಯಬೇಡಿ. ಇಳಿಜಾರಿನ ಕೆಳಬದಿಯಿಂದ ಅಗೆಯಿರಿ, ನೇರ ಮೇಲಿನಿಂದ ಅಲ್ಲ. ಒಂದು ಮೀಟರ್ ಆಳದಲ್ಲಿದ್ದರೂ ಒಂದು ಟನ್‌ಗಿಂತ ಜಾಸ್ತಿ ಹಿಮ ಎತ್ತಬೇಕಾಗುತ್ತದೆ. ಕೈಯಿಂದ ಆಗುವ ಕೆಲಸ ಅಲ್ಲ. ಮೊದಲು ಮುಖ, ಬಾಯಿ, ಮೂಗು ಬಿಡಿಸಿ, ಉಸಿರು ನೋಡಿ. ಉಳಿದ ಮೈ ಆಮೇಲೆ.

ವಿದೇಶದಲ್ಲಿರುವ ಅಣ್ಣನೋ ಭಾವನೋ ಸ್ಯಾಟಲೈಟ್ ಮೆಸೆಂಜರ್ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇಂಥದ್ದೇ ಸಾಧನ ಇಟ್ಟುಕೊಂಡಿದ್ದ ವಿದೇಶಿಯೊಬ್ಬರನ್ನು ತಡೆದಿದ್ದರು.

ಇಷ್ಟು ಓದಿ 5,000 ಮೀಟರ್ ಶಿಖರಕ್ಕೆ ಹೊರಡಬೇಡಿ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲೋ, ಮನಾಲಿ, ಡಾರ್ಜಿಲಿಂಗ್, ಪಹಲ್ಗಾಮ್‌ನಲ್ಲೋ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್ ಮಾಡಿ. ಕೋರ್ಸ್ ಮಾಡಿದವರನ್ನು ಹಿಮ ಗುರುತು ಹಿಡಿದು ಬಿಡುವುದಿಲ್ಲ ಅನ್ನುವುದೂ ಗೊತ್ತಿರಲಿ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ-2ರಲ್ಲಿ ಕುಸಿತಕ್ಕೆ ಸಿಕ್ಕಿದ್ದು ತರಬೇತಿ ತಂಡವೇ. ಆಗಿನ ಹುಡುಕಾಟದಲ್ಲಿ 27 ದೇಹ ಸಿಕ್ಕವು, ಇಬ್ಬರು ಸಿಗಲಿಲ್ಲ.

ಟ್ರಾನ್ಸೀವರ್ ಅಭ್ಯಾಸಕ್ಕೆ ಹಿಮ ಬೇಕಾಗಿಲ್ಲ. ನಾವು ಪುಣೆಯ ವೇತಾಳ ಟೆಕಡಿ ಅನ್ನುವ ಗುಡ್ಡದಲ್ಲಿ ಮಾಡುತ್ತೇವೆ. ಬೆಳಿಗ್ಗೆ ಆರಕ್ಕೆ ಒಬ್ಬರು ಹೋಗಿ ಚೀಲದಲ್ಲಿ ಹಾಕಿ ಒಣಹುಲ್ಲಿನಲ್ಲಿ ಬಚ್ಚಿಡುತ್ತಾರೆ, ಉಳಿದವರು ಸ್ಟಾಪ್‌ವಾಚ್ ಒತ್ತಿ ಹುಡುಕುತ್ತಾರೆ. ಮೊದಲ ದಿನ 14 ನಿಮಿಷ ಹಿಡಿಯಿತು. ಈಗ ನಾಲ್ಕಕ್ಕೆ ಬಂದಿದ್ದೇವೆ, ಅಗೆಯುವುದು ಬಿಟ್ಟು. ಕಳೆದ ತಿಂಗಳು ವಾಕಿಂಗ್ ಬಂದ ಒಬ್ಬ ಆಜೋಬಾ ಅರ್ಧ ಗಂಟೆ ನಮ್ಮನ್ನೇ ನೋಡಿ, ಹತ್ತಿರ ಬಂದು, ಕಿವಿಯ ಓಲೆ ಬಿದ್ದಿದೆಯಾ ಅಂತ ಮರಾಠಿಯಲ್ಲಿ ಕೇಳಿದರು. ಮನುಷ್ಯ ಅಂದೆ. ನಗಲಿಲ್ಲ ಅವರು. ತಮ್ಮ ಕೋಲು ತಿರುಗಿಸಿ ಹಿಡಿದು ನಮ್ಮ ಜೊತೆ ಹುಲ್ಲು ಕೆದಕಲು ನಿಂತರು.